ಸೈನ್ 30 ಎಷ್ಟು? ಮೊದಲು ನಿಮ್ಮ ಕ್ಯಾಲ್ಕುಲೇಟರನ್ನೇ ಕೇಳಿ

ಇದನ್ನು ಓದೋ ಮೊದಲು ಒಂದು ಕೆಲಸ ಮಾಡಿ. ಬ್ಯಾಗಿನಿಂದ ಕ್ಯಾಲ್ಕುಲೇಟರ್ ತೆಗೆದು ಸೈನ್ 30 ಒತ್ತಿ. 0.5 ಅಥವಾ 1/2 ಬಂತಾ? ಸರಿ, ಮುಂದೆ ಓದಿ. −0.988 ಬಂತಾ? ಹಾಗಿದ್ರೆ ಅದು ರೇಡಿಯನ್ನಿನಲ್ಲಿ ಕೂತಿದೆ. 0.4539 ಬಂದಿದ್ರೆ ಅದು ಗ್ರೇಡಿಯನ್ನಿನಲ್ಲಿದೆ, ಅಂದರೆ ಒಂದು ಸುತ್ತಿಗೆ 360 ಅಲ್ಲ, 400 ಭಾಗ ಅಂತ ಲೆಕ್ಕ ಹಾಕ್ತಿದೆ. ಪರದೆಯ ಮೇಲೆ ಇರುವೆ ಗಾತ್ರದ ಒಂದು ಅಕ್ಷರ ಅದನ್ನು ಹೇಳ್ತಾನೇ ಇರುತ್ತೆ. ನಾವು ಎಷ್ಟು ಜನ ಅದನ್ನು ನೋಡ್ತೀವಿ?

ನನ್ನ ವಾದ ಸರಳ. ನಾಲ್ಕು ವರ್ಷದಲ್ಲಿ ನಾವು ಅತಿ ಹೆಚ್ಚು ಸಲ ಮುಟ್ಟೋ ಉಪಕರಣ ಆಸಿಲೋಸ್ಕೋಪೂ ಅಲ್ಲ, ಲೇತ್ ಮಷೀನೂ ಅಲ್ಲ, ಕೈಯಗಲದ ಈ ಕ್ಯಾಲ್ಕುಲೇಟರ್. ವರ್ನಿಯರ್ ಕ್ಯಾಲಿಪರ್ಸ್ ಹಿಡಿಯೋದನ್ನು ಲ್ಯಾಬಿನಲ್ಲಿ ಹೇಳಿಕೊಡ್ತಾರೆ, ಸೊನ್ನೆ ದೋಷ ನೋಡದೆ ರೀಡಿಂಗ್ ತಗೊಂಡ್ರೆ ವೈವಾದಲ್ಲಿ ಬೈತಾರೆ. ಕ್ಯಾಲ್ಕುಲೇಟರಿಗೆ ಮಾತ್ರ ಲ್ಯಾಬೂ ಇಲ್ಲ, ವೈವಾನೂ ಇಲ್ಲ. "ಅಷ್ಟೂ ಬರಲ್ವಾ?" ಅನ್ನೋ ಒಂದು ಮಾತಿದೆ ಅಷ್ಟೇ. ಆ ಮಾತಿನ ಬೆಲೆಯನ್ನು ನಾವು ಅಂಕಗಳಲ್ಲಿ ಕಟ್ತಾ ಇದ್ದೀವಿ.

ಯಾರೂ ಕಲಿಸದ ವಿದ್ಯೆ

ನಮ್ಮಲ್ಲಿ ಹೆಚ್ಚಿನವರು ಬಂದ ದಾರಿ ನೆನಪು ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಮಗ್ಗಿ. ಪಿಯುಸಿಯಲ್ಲಿ ಲಾಗ್ ಟೇಬಲ್. ಸಿಇಟಿ, ಜೆಇಇ ಎರಡರಲ್ಲೂ ಕ್ಯಾಲ್ಕುಲೇಟರ್ ಒಳಗೆ ಬಿಡಲ್ಲ. ಹೀಗೆ ಹನ್ನೆರಡು ವರ್ಷ ಕೈಯಲ್ಲೇ ಲೆಕ್ಕ ಮಾಡಿದವರು ಮೊದಲ ಸೆಮ್ಮಿಗೆ ಕಾಲಿಟ್ಟ ವಾರ, ಕಾಲೇಜು ಗೇಟಿನ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ಡ್ರಾಫ್ಟರ್, ಡ್ರಾಯಿಂಗ್ ಶೀಟ್ ಜೊತೆಗೆ ಒಂದು ಕ್ಯಾಸಿಯೋ ಎಫ್‌ಎಕ್ಸ್-991 ಕೊಂಡುಕೊಳ್ತೀವಿ. ಇಲ್ಲವೇ ಅಕ್ಕನದ್ದೋ, ಹಾಸ್ಟೆಲಿನ ಸೀನಿಯರ್‌ದೋ ಹಳೇ ಕ್ಯಾಲ್ಕುಲೇಟರ್ ಸಿಗುತ್ತೆ. ಅದರ ಜೊತೆ ಅವರು ಬಿಟ್ಟುಹೋದ ಸೆಟ್ಟಿಂಗೂ ಸಿಗುತ್ತೆ. ಹೊಸದಾದರೆ ಡಬ್ಬಿಯೊಳಗೆ ಮಡಚಿಟ್ಟ ಒಂದು ಕೈಪಿಡಿ ಇರುತ್ತೆ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ಅದು ಡಬ್ಬಿ ಸಮೇತ ಕಸಕ್ಕೆ ಹೋಗುತ್ತೆ.

ಪಟ್ಟಣದ ದೊಡ್ಡ ಶಾಲೆಯಿಂದ ಬಂದವರಿಗೆ ಕೇಳೋಕೆ ಯಾರಾದ್ರೂ ಇರ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ಮೊದಲ ಇಂಜಿನಿಯರ್ ಆಗೋಕೆ ಬಂದ ಹುಡುಗ ಹುಡುಗಿಯರು ಇದನ್ನೆಲ್ಲ ಕೇಳೋಕೂ ಸಂಕೋಚಪಡ್ತಾರೆ. ಥಿಯರಿ ಗೊತ್ತಿರುತ್ತೆ, ಸೂತ್ರ ಸರಿಯಾಗೇ ಬರೆದಿರ್ತಾರೆ, ಬೆಲೆ ಸರಿಯಾಗೇ ಹಾಕಿರ್ತಾರೆ. ಕೊನೇ ಸಾಲಿನ ಉತ್ತರ ಮಾತ್ರ ಎಲ್ಲೋ ಹೋಗಿರುತ್ತೆ. ಅವರು ತಮಗೆ ಸಬ್ಜೆಕ್ಟೇ ಅರ್ಥ ಆಗಿಲ್ಲ ಅಂದುಕೊಳ್ತಾರೆ. ಎಡವಿದ್ದು ಒಂದು ಕೀ ಮೇಲೆ ಅಂತ ಯಾರೂ ಹೇಳಲ್ಲ. ನನಗೆ ಇದು ಅನ್ಯಾಯ ಅನ್ಸುತ್ತೆ, ಅದಕ್ಕೇ ಈ ಲೇಖನ.

ಐದು ಗುಂಡಿಗಳು

ಗುಂಡಿ ಅಂದ್ರೆ ಒತ್ತೋ ಗುಂಡಿಯೂ ಹೌದು, ಬೀಳೋ ಗುಂಡಿಯೂ ಹೌದು.

ಮೊದಲನೆಯದು ಆಗಲೇ ಹೇಳಿದ ಕೋನದ ವಿಷಯ. ಇದು ಬರೀ ಟ್ರಿಗನಾಮೆಟ್ರಿ ಸಮಸ್ಯೆ ಅಲ್ಲ. ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ ಬರೋ 325 ಸೈನ್ (100ಪೈ ಟಿ + 30°) ಅನ್ನೋ ವೋಲ್ಟೇಜ್ ನೋಡಿ. ನಮ್ಮ ಮನೆಗೆ ಬರೋ 230 ವೋಲ್ಟ್, 50 ಹರ್ಟ್ಸ್ ಕರೆಂಟೇ ಇದು. ಟಿ = 2 ಮಿಲಿಸೆಕೆಂಡ್ ಆದಾಗ ಎಷ್ಟು ವೋಲ್ಟ್? 100ಪೈ ಟಿ ಅನ್ನೋ ಭಾಗ ರೇಡಿಯನ್, 30 ಅನ್ನೋ ಭಾಗ ಡಿಗ್ರಿ. ಒಂದೇ ಬ್ರಾಕೆಟ್ಟಿನೊಳಗೆ ಎರಡು ಭಾಷೆ. ರೇಡಿಯನ್ನನ್ನು ಡಿಗ್ರಿ ಮಾಡಿದ್ರೆ 36 + 30 = 66, ಉತ್ತರ ಸುಮಾರು 297 ವೋಲ್ಟ್. ಹಾಗೇ ಡಿಗ್ರಿ ಮೋಡಿನಲ್ಲಿ 0.628 + 30 ಅಂತ ಒತ್ತಿದ್ರೆ ಸುಮಾರು 166 ವೋಲ್ಟ್. ಎರಡೂ ನೋಡೋಕೆ ಸಭ್ಯವಾಗೇ ಇವೆ. ಕ್ಯಾಲ್ಕುಲೇಟರ್ ಎರಡನ್ನೂ ಒಂದೇ ಮುಖಭಾವದಿಂದ ತೋರಿಸುತ್ತೆ.

ಎರಡನೆಯದು ಮೈನಸ್. −3 ರ ವರ್ಗ ಬೇಕು ಅಂತ ಹಾಗೇ −3² ಒತ್ತಿದ್ರೆ −9 ಬರುತ್ತೆ. ಮೊದಲು ವರ್ಗ, ಆಮೇಲೆ ಮೈನಸ್, ಗಣಿತದ ನಿಯಮವೇ ಅದು. ನಿಮಗೆ ಬೇಕಾಗಿರೋದು (−3)². ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಡೀವಿಯೇಷನ್‌ಗಳ ವರ್ಗ ಕೂಡಿಸುವಾಗ ಬ್ರಾಕೆಟ್ ಮರೆತರೆ ವೇರಿಯನ್ಸ್ ಕುಗ್ಗಿಹೋಗುತ್ತೆ, ನೆಗೆಟಿವ್ ಆದ್ರೂ ಆಶ್ಚರ್ಯ ಇಲ್ಲ. ಇನ್ನೊಂದು ತಮಾಷೆ ನೋಡಿ: ಎಕ್ಸೆಲ್‌ನಲ್ಲಿ =-3^2 ಅಂತ ಹಾಕಿದ್ರೆ 9 ಬರುತ್ತೆ. ಪೈಥಾನ್‌ನಲ್ಲಿ -3**2 ಅಂದ್ರೆ −9. ಸಿ ಭಾಷೆಯಲ್ಲಂತೂ ^ ಅನ್ನೋದು ಘಾತದ ಗುರುತೇ ಅಲ್ಲ, ಅದು ಎಕ್ಸ್‌ಆರ್. ಅಲ್ಲಿ 3^2 ಬರೆದ್ರೆ 1 ಬರುತ್ತೆ. ನಾವು ಒಂದೇ ದಿನದಲ್ಲಿ ಈ ನಾಲ್ಕನ್ನೂ ಬಳಸೋ ಜನ. ಯಾವುದು ಏನು ಅರ್ಥ ಮಾಡಿಕೊಳ್ಳುತ್ತೆ ಅಂತ ನಂಬಿ ಕೂರೋದಕ್ಕಿಂತ ಬ್ರಾಕೆಟ್ ಹಾಕೋದು ಸುಲಭ.

ಮೂರನೆಯದು ಹತ್ತರ ಘಾತದ ಕೀ. ಎಂಎಸ್ ಮಾಡೆಲಿನಲ್ಲಿ ಅದಕ್ಕೆ ಎಕ್ಸ್‌ಪ್ ಅಂತ ಹೆಸರು, ಇಎಸ್ ಪ್ಲಸ್‌ನಲ್ಲಿ ಕೀ ಮೇಲೇ ಗುಣಿಸು ಹತ್ತರ ಘಾತ ಅಂತ ಬರೆದಿರುತ್ತೆ. 5 ವೋಲ್ಟ್ ಅನ್ನು 2.2 ಕಿಲೋ ಓಮ್‌ನಿಂದ ಭಾಗಿಸಬೇಕು ಅಂದುಕೊಳ್ಳಿ. 5 ÷ 2.2 × 10, ಆಮೇಲೆ ಘಾತ 3 ಅಂತ ಬಿಡಿಬಿಡಿಯಾಗಿ ಒತ್ತಿದ್ರೆ ಕ್ಯಾಲ್ಕುಲೇಟರ್ ಮೊದಲು 5 ÷ 2.2 ಮಾಡುತ್ತೆ, ಆಮೇಲೆ ಸಾವಿರದಿಂದ ಗುಣಿಸುತ್ತೆ. ಉತ್ತರ 2272.7. ಅದೇ ಘಾತದ ಕೀ ಬಳಸಿದ್ರೆ 2.2 ಮತ್ತು ಹತ್ತರ ಘಾತ ಸೇರಿ ಒಂದೇ ಸಂಖ್ಯೆ ಆಗುತ್ತೆ, ಉತ್ತರ 0.00227 ಆಂಪಿಯರ್, ಅಂದರೆ 2.27 ಮಿಲಿ ಆಂಪಿಯರ್. ಎರಡು ಉತ್ತರಗಳ ನಡುವೆ ಹತ್ತು ಲಕ್ಷ ಪಟ್ಟು ವ್ಯತ್ಯಾಸ. ಬ್ರೆಡ್‌ಬೋರ್ಡ್ ಮೇಲಿನ ಪುಟ್ಟ ರೆಸಿಸ್ಟರಿನಲ್ಲಿ ಎರಡು ಸಾವಿರ ಆಂಪಿಯರ್ ಹರಿಯುತ್ತೆ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿರೋ ಉತ್ತರಗಳು ಪ್ರತಿ ಇಂಟರ್ನಲ್ಸ್‌ನಲ್ಲೂ ಸಿಗ್ತಾವೆ.

ಇದಕ್ಕೆ ಸೇರಿದ್ದೇ ಇನ್ನೊಂದು. ಎಂಎಸ್ ಮಾಡೆಲಿನಲ್ಲಿ 1 ÷ 200 ಮಾಡಿದಾಗ ಪರದೆ ಮೇಲೆ 5, ಪಕ್ಕದಲ್ಲಿ ಪುಟ್ಟದಾಗಿ −03 ಕಾಣುತ್ತೆ. ಅದರ ಅರ್ಥ 5 × 10⁻³. ಅದನ್ನು ಕಂಡಹಾಗೇ 5⁻³ ಅಂತ ಉತ್ತರ ಪತ್ರಿಕೆಗೆ ಇಳಿಸಿದ್ರೆ ನೀವು ಬರೆದಿದ್ದು 0.008. ಕ್ಯಾಲ್ಕುಲೇಟರ್ ಸರಿ ಹೇಳ್ತು, ಕೈ ತಪ್ಪು ಬರೀತು. ನಾರ್ಮ್ 2 ಗೆ ಬದಲಾಯಿಸಿಕೊಂಡ್ರೆ ಅದೇ ಲೆಕ್ಕ 0.005 ಅಂತ ಕಾಣುತ್ತೆ.

ನಾಲ್ಕನೆಯದು ಎಲ್ಲಕ್ಕಿಂತ ಕಿಲಾಡಿ: ಬರೆಯದೇ ಬಿಟ್ಟ ಗುಣಾಕಾರ. ರೆಸೊನೆನ್ಸ್ ಫ್ರೀಕ್ವೆನ್ಸಿ ಸೂತ್ರ ಎಲ್ಲರಿಗೂ ಗೊತ್ತು: ಮೇಲೆ 1, ಗೆರೆಯ ಕೆಳಗೆ 2ಪೈ ರೂಟ್ ಎಲ್‌ಸಿ. ಎಲ್ 1 ಮಿಲಿ ಹೆನ್ರಿ, ಸಿ 1 ಮೈಕ್ರೋ ಫ್ಯಾರಡ್ ಆದ್ರೆ ಉತ್ತರ ಸುಮಾರು 5033 ಹರ್ಟ್ಸ್. ಅದನ್ನೇ 1 ÷ 2 × ಪೈ × √ ಅಂತ ಪ್ರತಿ ಗುಣಾಕಾರದ ಚಿಹ್ನೆಯನ್ನೂ ನಿಷ್ಠೆಯಿಂದ ಒತ್ತಿದ್ರೆ 0.0000497 ಬರುತ್ತೆ. ಗೆರೆಯ ಕೆಳಗಿದ್ದ ಪೈ, ರೂಟ್ ಎರಡೂ ಮೇಲೆ ಹೋಗಿ ಕೂತಿರುತ್ತವೆ. ಚಿಹ್ನೆ ಬಿಟ್ಟು 1 ÷ 2ಪೈ√ ಅಂತ ಒತ್ತಿದ್ರೆ 991 ಇಎಸ್ ಪ್ಲಸ್ ಸರಿ ಉತ್ತರ ಕೊಡುತ್ತೆ, ಯಾಕಂದ್ರೆ ಅದು ಚಿಹ್ನೆ ಇಲ್ಲದ ಗುಣಾಕಾರವನ್ನು ಭಾಗಾಕಾರಕ್ಕಿಂತ ಮೊದಲು ಮಾಡುತ್ತೆ. ಕ್ಲಾಸ್‌ವಿಜ್ ಮಾಡೆಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾನೇ ಬ್ರಾಕೆಟ್ ಹಾಕಿ ತೋರಿಸುತ್ತೆ. ಆದ್ರೆ ಎಲ್ಲ ಯಂತ್ರಗಳೂ ಹೀಗೆ ಅಂತ ನಂಬೋ ಹಾಗಿಲ್ಲ. ಅಮೆರಿಕದ ಶಾಲೆಗಳಲ್ಲಿ ಬಳಸೋ ಗ್ರಾಫಿಂಗ್ ಕ್ಯಾಲ್ಕುಲೇಟರುಗಳನ್ನೇ ನೋಡಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-82 ರಲ್ಲಿ 1/2ಎಕ್ಸ್ ಅಂದ್ರೆ ಒಂದನ್ನು 2ಎಕ್ಸ್‌ನಿಂದ ಭಾಗಿಸು ಅಂತ. ಅದೇ ಕಂಪನಿಯ ಟಿಐ-83 ರಲ್ಲಿ ಅರ್ಧವನ್ನು ಎಕ್ಸ್‌ನಿಂದ ಗುಣಿಸು ಅಂತ. ಒಂದೇ ಮನೆಯ ಅಣ್ಣ ತಮ್ಮಂದಿರಿಗೇ ಒಮ್ಮತ ಇಲ್ಲ! 6 ÷ 2(1+2) ಎಷ್ಟು ಅಂತ ವಾಟ್ಸಾಪ್ ಗ್ರೂಪುಗಳಲ್ಲಿ ವರ್ಷಕ್ಕೊಮ್ಮೆ ಆಗೋ ಜಗಳದ ಮೂಲ ಕೂಡ ಇದೇ. 1 ಅನ್ನೋರಿಗೂ ಸಾಕ್ಷಿಗೆ ಒಂದು ಕ್ಯಾಲ್ಕುಲೇಟರ್ ಸಿಗುತ್ತೆ, 9 ಅನ್ನೋರಿಗೂ ಸಿಗುತ್ತೆ. ಜಗಳ ಬಿಡಿ, ಛೇದ ಪೂರ್ತಿಯನ್ನು ಬ್ರಾಕೆಟ್ಟಿನೊಳಗೆ ಹಾಕಿ. ಇಎಸ್ ಮಾಡೆಲ್ ಇದ್ರೆ ಭಿನ್ನರಾಶಿ ಕೀ ಒತ್ತಿ, ಪುಸ್ತಕದಲ್ಲಿ ಇದ್ದಹಾಗೇ ಮೇಲೆ ಕೆಳಗೆ ತುಂಬಿ.

ಐದನೆಯದು ನಡುವೆ ದುಂಡು ಮಾಡೋ ಚಾಳಿ. ಪ್ರತಿ ಹಂತದ ಉತ್ತರವನ್ನೂ ಎರಡು ದಶಮಾಂಶಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನೇ ಮತ್ತೆ ಟೈಪ್ ಮಾಡ್ತೀವಿ. 991 ಇಎಸ್ ಪ್ಲಸ್ ತೋರಿಸೋದು 10 ಅಂಕೆ, ಒಳಗೆ ಇಟ್ಟುಕೊಳ್ಳೋದು 15. ಆನ್ಸರ್ ಕೀ ಇರೋದು ಆ ಹದಿನೈದನ್ನೂ ಮುಂದಕ್ಕೆ ಒಯ್ಯೋಕೆ. ಎಕ್ಸ್² − 100ಎಕ್ಸ್ + 1 = 0 ಅನ್ನೋ ಸಮೀಕರಣ ಬಿಡಿಸಿ ನೋಡಿ. ರೂಟ್ 9996 ಅಂದ್ರೆ 99.979998. ಅದನ್ನು 100 ಅಂತ ದುಂಡು ಮಾಡಿದ್ರೆ ಸಣ್ಣ ಬೇರು ಸೊನ್ನೆ ಆಗಿಹೋಗುತ್ತೆ. ನಿಜವಾದ ಬೇರು 0.010001. ಸೊನ್ನೆ ಹಾಕಿ ನೋಡಿದ್ರೆ 1 = 0 ಬರುತ್ತೆ!

ಇದು ಬರೀ ಪರೀಕ್ಷೆಯ ಮಾತಲ್ಲ. 1991 ರ ಫೆಬ್ರವರಿ 25 ರಂದು, ಕೊಲ್ಲಿ ಯುದ್ಧದ ವೇಳೆ, ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಒಂದು ಸ್ಕಡ್ ಕ್ಷಿಪಣಿಯನ್ನು ತಡೆಯೋಕೆ ಆಗದೆ 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. 0.1 ಅನ್ನು ದ್ವಿಮಾನದಲ್ಲಿ ಪೂರ್ತಿ ಬರೆಯೋಕೆ ಆಗಲ್ಲ, 24 ಬಿಟ್ಟಿಗೆ ಕತ್ತರಿಸಿದ್ದರು. ಕತ್ತರಿಸಿದ್ದರಿಂದ ಬಂದ ದೋಷ ಸುಮಾರು 0.000000095 ಸೆಕೆಂಡ್. ಯಂತ್ರ ನೂರು ಗಂಟೆ ಸತತ ಚಾಲೂ ಇತ್ತು, ಅಂದರೆ 36 ಲಕ್ಷ ಎಣಿಕೆ. ಈಗ ನೀವೇ ಗುಣಿಸಿ: 0.34 ಸೆಕೆಂಡ್. ಸ್ಕಡ್ ಅಷ್ಟರಲ್ಲಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುತ್ತೆ. ರಡಾರ್ ಅದನ್ನು ಹುಡುಕಿದ್ದು ಅದು ಇಲ್ಲದ ಜಾಗದಲ್ಲಿ.

ಅಂದಾಜು ಅನ್ನೋ ಹಳೇ ವಿದ್ಯೆ

ಐದು ಗುಂಡಿಗಳನ್ನು ಬಾಯಿಪಾಠ ಮಾಡಿದ್ರೆ ಆರನೆಯದರಲ್ಲಿ ಬೀಳ್ತೀವಿ. ಅದಕ್ಕೇ ನನಗೆ ಇನ್ನೂ ಮುಖ್ಯ ಅನ್ಸೋದು = ಒತ್ತೋ ಮೊದಲು ಉತ್ತರ ಎಷ್ಟರ ಆಸುಪಾಸು ಇರಬೇಕು ಅಂತ ತಲೆಯಲ್ಲಿ ಒಂದು ಅಂದಾಜು ಇಟ್ಟುಕೊಳ್ಳೋದು.

ಹಿಂದಿನ ಇಂಜಿನಿಯರುಗಳಿಗೆ ಈ ಅಭ್ಯಾಸ ಬಲವಂತವಾಗಿ ಬರ್ತಿತ್ತು. ಸ್ಲೈಡ್ ರೂಲ್ ಅಂಕೆಗಳನ್ನು ಕೊಡುತ್ತೆ, ದಶಮಾಂಶ ಬಿಂದು ಎಲ್ಲಿ ಅಂತ ಹೇಳಲ್ಲ. 2.27, 227, 0.00227 ಮೂರೂ ಅದಕ್ಕೆ ಒಂದೇ. ಬಿಂದು ಇಡೋದು ಮನುಷ್ಯನ ಕೆಲಸ. ಲಾಗ್ ಟೇಬಲ್ಲೂ ಹಾಗೇ, ಮ್ಯಾಂಟಿಸಾ ಪುಸ್ತಕದಲ್ಲಿ ಸಿಗುತ್ತೆ, ಕ್ಯಾರೆಕ್ಟರಿಸ್ಟಿಕ್ ನಾವೇ ಹಾಕಬೇಕು. ಹಾಗಾಗಿ ಪ್ರತಿ ಲೆಕ್ಕದಲ್ಲೂ ಉತ್ತರದ ಗಾತ್ರ ಎಷ್ಟು ಅಂತ ಯೋಚಿಸದೆ ವಿಧಿ ಇರಲಿಲ್ಲ. ಕನ್ನಂಬಾಡಿ ಕಟ್ಟುವಾಗ ಯಾರ ಜೇಬಿನಲ್ಲೂ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರ್ ಇರಲಿಲ್ಲ. ಜೇಬಿನ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರ್, ಹ್ಯೂಲೆಟ್ ಪ್ಯಾಕರ್ಡ್‌ನ ಎಚ್‌ಪಿ-35, ಬಂದಿದ್ದು 1972 ರಲ್ಲಿ. ಅದರ ಬೆಲೆ 395 ಡಾಲರ್. ಅದು ಬಿಂದುವನ್ನೂ ತಾನೇ ಇಟ್ಟುಕೊಟ್ಟಿತು. ಅಲ್ಲಿಂದ ಮುಂದೆ ಅಂದಾಜು ಮಾಡೋದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಆಯ್ತು, ನಾವು ಅದನ್ನು ಬಿಟ್ಟೇಬಿಟ್ಟೆವು.

ಅಂದಾಜು ಕಷ್ಟದ ಕೆಲಸ ಏನಲ್ಲ. ಪೈ ವರ್ಗ ಸುಮಾರು 10. ಎರಡರ ಹತ್ತನೇ ಘಾತ ಸುಮಾರು ಸಾವಿರ. ವೋಲ್ಟ್ ಅನ್ನು ಕಿಲೋ ಓಮ್‌ನಿಂದ ಭಾಗಿಸಿದ್ರೆ ಮಿಲಿ ಆಂಪಿಯರ್. ಇಷ್ಟು ತಲೆಯಲ್ಲಿದ್ರೆ 2272 ಆಂಪಿಯರ್ ಕಂಡ ಕೂಡಲೇ ಕೈ ತಾನಾಗಿ ನಿಲ್ಲುತ್ತೆ.

ಯೂನಿಟ್ಟಿನ ವಿಷಯದಲ್ಲಂತೂ ಯಾವ ಕ್ಯಾಲ್ಕುಲೇಟರೂ ಕಾಪಾಡಲ್ಲ. 1983 ರ ಜುಲೈ 23 ರಂದು ಏರ್ ಕೆನಡಾದ ಬೋಯಿಂಗ್ 767 ಒಂದು 41,000 ಅಡಿ ಎತ್ತರದಲ್ಲಿ ಇಂಧನ ಮುಗಿದು ನಿಂತುಹೋಯ್ತು. ಕಾರಣ, ಶಾಲಾ ಮಕ್ಕಳ ಗುಣಾಕಾರ. ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಅದನ್ನು 1.77 ರಿಂದ ಗುಣಿಸಿ 13,597 ಕಿಲೋ ಇದೆ ಅಂದುಕೊಂಡ್ರು. ಗುಣಾಕಾರ ಸರಿಯಾಗೇ ಇದೆ, ಬೇಕಾದ್ರೆ ಒತ್ತಿ ನೋಡಿ. ಆದ್ರೆ 1.77 ಅನ್ನೋದು ಲೀಟರಿಗೆ ಇಷ್ಟು ಪೌಂಡ್ ಅನ್ನೋ ಸಂಖ್ಯೆ, ಕಿಲೋದ್ದು ಸುಮಾರು 0.8. ಬೇಕಾಗಿದ್ದ 22,300 ಕಿಲೋದಲ್ಲಿ ಅರ್ಧದಷ್ಟೂ ಇಲ್ಲದೆ ವಿಮಾನ ಹೊರಟಿತು. ಪೈಲಟ್‌ಗಳು ಅದನ್ನು ಗ್ಲೈಡರಿನಂತೆ ತೇಲಿಸಿ ಗಿಮ್ಲಿ ಅನ್ನೋ ಊರಿನ ಹಳೇ ವಾಯುನೆಲೆಯಲ್ಲಿ ಇಳಿಸಿದ್ದರಿಂದ 69 ಜೀವ ಉಳಿಯಿತು. ಸೀಮೆಎಣ್ಣೆ ನೀರಿಗಿಂತ ಹಗುರ, ಹಾಗಾಗಿ ವಿಮಾನದ ಇಂಧನದ ಒಂದು ಲೀಟರ್ ಒಂದು ಕಿಲೋಗಿಂತ ಕಡಿಮೆ ತೂಗಬೇಕು. ಇಷ್ಟು ಅಂದಾಜು ಒಬ್ಬರ ತಲೆಗೆ ಬಂದಿದ್ರೂ 7,682 ಲೀಟರ್ 13,597 ಕಿಲೋ ಆಗೋಕೆ ಸಾಧ್ಯವೇ ಇಲ್ಲ ಅಂತ ಗೊತ್ತಾಗ್ತಿತ್ತು.

"ಸ್ಟೆಪ್ ಮಾರ್ಕ್ಸ್ ಬರುತ್ತಲ್ಲ ಗುರು"

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು. "ಸ್ಟೆಪ್ಪಿಗೆ ಮಾರ್ಕ್ಸ್ ಕೊಡ್ತಾರೆ, ಉತ್ತರಕ್ಕೆ ಹೋಗೋದು ಒಂದೋ ಎರಡೋ." ಹೋಗ್ಲಿ ಅಂದುಕೊಳ್ಳೋಣ. ಆದ್ರೆ ಭಾಗ ಎ ಉತ್ತರ ಭಾಗ ಬಿಗೆ ಬೇಕಾಗುತ್ತೆ, ಬೀಮಿನ ರಿಯಾಕ್ಷನ್ ತಪ್ಪಾದ್ರೆ ಬೆಂಡಿಂಗ್ ಮೊಮೆಂಟ್ ಚಿತ್ರವೂ ತಪ್ಪು. ಗೇಟ್‌ನಲ್ಲಿ ಸಂಖ್ಯೆ ತುಂಬೋ ಪ್ರಶ್ನೆಗಳಿಗೆ ಸ್ಟೆಪ್ಪೇ ಇಲ್ಲ, ಸಂಖ್ಯೆ ಮಾತ್ರ. ಅಲ್ಲಿ ನಿಮ್ಮ ಕ್ಯಾಲ್ಕುಲೇಟರನ್ನು ಒಳಗೆ ಬಿಡಲ್ಲ, ಪರದೆ ಮೇಲಿನದ್ದನ್ನೇ ಮೌಸಿನಿಂದ ಒತ್ತಬೇಕು. ಅದರಲ್ಲಿ ಮೊದಲು 30, ಆಮೇಲೆ ಸೈನ್. ಬೆರಳಿಗೆ ಅಭ್ಯಾಸ ಆಗಿರೋ ಕ್ರಮ ಅಲ್ಲಿ ನಡೆಯಲ್ಲ.

"ಈಗೆಲ್ಲ ಸಾಫ್ಟ್‌ವೇರ್ ಮಾಡುತ್ತೆ" ಅನ್ನೋರೂ ಇದ್ದಾರೆ. ಮ್ಯಾಟ್‌ಲ್ಯಾಬ್‌ಗೂ ಪೈಥಾನ್‌ಗೂ ಸೈನ್ ಒಳಗೆ ರೇಡಿಯನ್ನೇ ಬೇಕು. ಡಿಗ್ರಿ ಕೊಟ್ರೆ ಅವೂ ಮರುಮಾತಿಲ್ಲದೆ −0.988 ಕೊಡ್ತಾವೆ. ಉಪಕರಣ ಬದಲಾದ್ರೂ ಗುಂಡಿ ಇದ್ದಲ್ಲೇ ಇರುತ್ತೆ.

ಇನ್ನು ಕೆಲವು ಮೇಷ್ಟ್ರುಗಳು, "ಕ್ಯಾಲ್ಕುಲೇಟರಿನಿಂದಲೇ ನಿಮ್ಮ ತಲೆ ಹಾಳಾಗಿದ್ದು, ಕೈಯಲ್ಲಿ ಮಾಡಿ" ಅಂತಾರೆ. ಅವರ ಕಾಳಜಿ ಅರ್ಥ ಆಗುತ್ತೆ, ಮದ್ದು ಮಾತ್ರ ಒಪ್ಪಲ್ಲ. ಮೂರು ಗಂಟೆಯ ಪೇಪರಿನಲ್ಲಿ ಗಾಸ್-ಸೀಡೆಲ್ ನಾಲ್ಕು ಸುತ್ತು ಕೈಯಲ್ಲಿ ಮಾಡೋದು ಶಿಕ್ಷೆಯೇ ಹೊರತು ಶಿಕ್ಷಣ ಅಲ್ಲ. ಉಪಕರಣವನ್ನು ದೂರ ಇಡೋದಕ್ಕಿಂತ ಅದನ್ನು ಅನುಮಾನದಿಂದ ಬಳಸೋದು ಕಲಿಸಿದ್ರೆ ತಲೆಯೂ ಉಳಿಯುತ್ತೆ, ಸಮಯವೂ ಉಳಿಯುತ್ತೆ.

ಒಂದು ಗಂಟೆ ಕೊಡಿ

ಹಾಗಾದ್ರೆ ಏನು ಮಾಡೋಣ? ಮೊದಲ ವರ್ಷದವರಿಗೆ ಎಐಸಿಟಿಇ ಹೇಳಿದ ಇಂಡಕ್ಷನ್ ಕಾರ್ಯಕ್ರಮ ಹೇಗೂ ಇದೆ. ಅದರಲ್ಲಿ ಯೋಗ, ಭಾಷಣ, ಕ್ಯಾಂಪಸ್ ಸುತ್ತಾಟ ಎಲ್ಲಕ್ಕೂ ಜಾಗ ಇದೆ. ಒಂದೇ ಒಂದು ಗಂಟೆ ಕ್ಯಾಲ್ಕುಲೇಟರಿಗೆ ಕೊಡಿ ಅನ್ನೋದು ವಿಭಾಗದವರಲ್ಲಿ ನನ್ನ ಕೋರಿಕೆ. ಪ್ರೊಜೆಕ್ಟರ್ ಬೇಡ, ಹೊರಗಿನ ತಜ್ಞರು ಬೇಡ. ಮೇಲಿನ ಐದು ಲೆಕ್ಕ ಬೋರ್ಡಿನ ಮೇಲೆ ಬರೆದು, ಎಲ್ಲರೂ ತಮ್ಮ ತಮ್ಮ ಯಂತ್ರದಲ್ಲಿ ಒತ್ತಿ, ಪಕ್ಕದವರ ಉತ್ತರದ ಜೊತೆ ಹೋಲಿಸಿದ್ರೆ ಸಾಕು. ಉತ್ತರ ಬೇರೆ ಬಂದಾಗ ಯಾಕೆ ಅಂತ ಹುಡುಕೋದೇ ಪಾಠ.

ಅದು ಆಗೋವರೆಗೆ ನಮ್ಮ ಕನ್ನಡ ಸಂಘವೇ ಯಾಕೆ ಮಾಡಬಾರದು? ರಾಜ್ಯೋತ್ಸವಕ್ಕೆ ಡೊಳ್ಳು, ನಾಟಕ ಎಲ್ಲ ಚೆನ್ನಾಗೇ ಮಾಡ್ತೀವಿ. ಕನ್ನಡದಲ್ಲಿ ಕೇಳೋಕೆ ಸಂಕೋಚ ಇಲ್ಲದ ಒಂದು ಗಂಟೆಯನ್ನು ಕೊಟ್ರೆ ಅದೂ ಕನ್ನಡದ ಕೆಲಸವೇ. ಕೈಪಿಡಿಯ ಮುಖ್ಯ ಭಾಗವನ್ನು ಒಂದು ಪುಟದಲ್ಲಿ ಕನ್ನಡಕ್ಕೆ ತಂದು ಹಾಸ್ಟೆಲ್ ನೋಟಿಸ್ ಬೋರ್ಡಿಗೆ ಅಂಟಿಸೋದು ಒಂದು ಸಂಜೆಯ ಕೆಲಸ. ಸೀನಿಯರುಗಳಿಗೂ ಒಂದು ಮಾತು: ಜೂನಿಯರಿಗೆ ಹಳೇ ಕ್ಯಾಲ್ಕುಲೇಟರ್ ಕೊಡೋವಾಗ ರೀಸೆಟ್ ಮಾಡಿ ಕೊಡಿ.

ಪರೀಕ್ಷೆ ಹತ್ತಿರ ಇರೋದ್ರಿಂದ ಇಷ್ಟು ನೆನಪಿಡಿ. ಹಾಲಿಗೆ ಹೋಗೋ ಮೊದಲು ಇಎಸ್ ಪ್ಲಸ್ ಇರೋರು ಶಿಫ್ಟ್, 9, 3, = ಒತ್ತಿ, ಆಮೇಲೆ ಎಸಿ. ಎಂಎಸ್ ಇರೋರು ಶಿಫ್ಟ್, ಮೋಡ್, 3, =. ಯಂತ್ರ ಕೊಂಡ ದಿನದ ಸ್ಥಿತಿಗೆ ಬರುತ್ತೆ, ಡಿಗ್ರಿಗೂ ಬರುತ್ತೆ. ಮೆಮೊರಿಯಲ್ಲಿ ಇಟ್ಟಿದ್ದೂ ಅಳಿಸಿಹೋಗುತ್ತೆ, ಅದು ಗೊತ್ತಿರಲಿ. ಆಮೇಲೆ ಸೈನ್ 30 ಒತ್ತಿ ನೋಡಿ. ರೇಡಿಯನ್ ಬೇಕಾದ ಲೆಕ್ಕ ಬಂದ್ರೆ ಬದಲಾಯಿಸಿ, ಮುಗಿದ ಕೂಡಲೇ ವಾಪಸ್ ತನ್ನಿ. ಛೇದಕ್ಕೆ ಬ್ರಾಕೆಟ್, ಮೈನಸ್ ಸಂಖ್ಯೆಗೆ ಬ್ರಾಕೆಟ್, ಹತ್ತರ ಘಾತಕ್ಕೆ ಅದರದೇ ಕೀ, ನಡುವಿನ ಉತ್ತರಕ್ಕೆ ಆನ್ಸರ್ ಕೀ. ಕೊನೇ ಸಾಲಿನ ಕೆಳಗೆ ಎರಡು ಗೆರೆ ಎಳೆಯೋ ಮೊದಲು ಒಂದೇ ಪ್ರಶ್ನೆ: ಇಷ್ಟು ಇರೋಕೆ ಸಾಧ್ಯವಾ?

ಆ ಪ್ರಶ್ನೆಗೆ ಯಾವ ಮಾಡೆಲಿನಲ್ಲೂ ಕೀ ಇಲ್ಲ.